ಕಟ್ಟಳೆಯ ನೀತಿ, ಕೃಪೆಯ ನೀತಿ: ಪಯಟಿಸಂ ಪರಂಪರೆಯ ಮರುವಿಮರ್ಶೆ

ಕ್ರಿ.ಶ. 50ರ ಆಸುಪಾಸಿನಲ್ಲಿ ಸಿರಿಯಾದ ಅಂತಿಯೋಕ್ಯದಲ್ಲಿ ನಡೆದ ಜಗಳ ಊಟದ ಪಂಕ್ತಿಯದು. ಯೆಹೂದ್ಯರಾಗಿ ಹುಟ್ಟಿದ ವಿಶ್ವಾಸಿಗಳೂ ಅನ್ಯಜನರಿಂದ ಬಂದವರೂ ಅಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಪೇತ್ರನೂ ಅವರೊಡನೆ ಇದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದದ್ದೇ ತಡ, ಅವನು ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಬಾರ್ನಬನೂ ಎದ್ದುಹೋದ. ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲ ತಾನೇ ಇದನ್ನು ಹೇಳಿಕೊಂಡಿದ್ದಾನೆ. ಮನುಷ್ಯ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ಧರ್ಮಶಾಸ್ತ್ರದ ಆಚರಣೆಯಿಂದಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಿಂದ ಎಂಬ ಆ ಪತ್ರದ ಮುಖ್ಯ ಮಾತು ಬರುವುದು ಈ ಪಂಕ್ತಿಭೇದದ ಕಥೆಯ ಬೆನ್ನಿಗೇ.

ಈ ಹಿನ್ನೆಲೆ ಮರೆತು ಮಾತನ್ನಷ್ಟೇ ಕಂಠಪಾಠ ಮಾಡಿದ್ದರಿಂದ ಎರಡು ತಪ್ಪುಗಳಾದವು. ಒಂದು, ಯೆಹೂದ್ಯರನ್ನೆಲ್ಲ, ಅದರಲ್ಲೂ ಫರಿಸಾಯರನ್ನು, ಪುಣ್ಯ ಎಣಿಸುವ ಒಣ ಆಚಾರಿಗಳೆಂದು ಕಂಡದ್ದು. ಇ.ಪಿ. ಸ್ಯಾಂಡರ್ಸ್ 1977ರಲ್ಲಿ ಪೌಲನನ್ನೂ ಪ್ಯಾಲೆಸ್ತೀನಿನ ಯೆಹೂದ್ಯ ಧರ್ಮವನ್ನೂ ಕುರಿತು ಬರೆದ ಗ್ರಂಥ ಈ ಚಿತ್ರವನ್ನು ಬುಡಮೇಲು ಮಾಡಿತು. ಆ ಕಾಲದ ಯೆಹೂದ್ಯರಿಗೂ ದೇವರ ಕೃಪೆಯೇ ಮೊದಲು. ಆತ ಮಾಡಿಕೊಂಡ ಒಡಂಬಡಿಕೆಯೊಳಗೆ ಬಾಳುವ ಬಗೆಯೇ ಧರ್ಮಶಾಸ್ತ್ರ ಎಂದು ಅವರು ಆಧಾರ ಕೊಟ್ಟು ತೋರಿಸಿದರು. ಇನ್ನೊಂದು, ನಿಯಮವಿದ್ದ ಕಡೆಯೆಲ್ಲ ಕೃಪೆ ಇಲ್ಲವೆಂದು ತಿಳಿದದ್ದು. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯರನ್ನು ಖಂಡಿಸುವಾಗಲೂ ಸೊಪ್ಪುಸದೆಯಲ್ಲಿ ದಶಮಾಂಶ ಕೊಡುವುದನ್ನು ಬಿಡಿರೆಂದು ಹೇಳುವುದಿಲ್ಲ. ನ್ಯಾಯ, ಕರುಣೆ, ನಂಬಿಗಸ್ತಿಕೆಗಳನ್ನು ಬಿಟ್ಟದ್ದು ಆತನ ಒಂದು ದೂರು. ಭಾರವಾದ ಹೊರೆ ಕಟ್ಟಿ ಜನರ ಹೆಗಲಿಗೇರಿಸಿ, ತಾವು ಮಾತ್ರ ಬೆರಳನ್ನೂ ತಾಗಿಸುವುದಿಲ್ಲ ಎಂಬುದು ಇನ್ನೊಂದು.

ಹಾಗಾಗಿ ಕಟ್ಟಳೆಗಳು ಎಷ್ಟಿವೆ ಎಂದು ಎಣಿಸಿ ಒಂದು ಪರಂಪರೆಯನ್ನು ತೂಗಲಾಗದು. ಕಟ್ಟಳೆ ಯಾರನ್ನು ಪಂಕ್ತಿಯಿಂದ ಎಬ್ಬಿಸುತ್ತದೆ, ಅದರ ಬೆಲೆ ಯಾರ ಹೆಗಲಿಗೆ ಬೀಳುತ್ತದೆ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಹಿಡಿದು ನೋಡಲು ಪಯಟಿಸಂ ಎಂಬ ಜರ್ಮನ್ ಭಕ್ತಿ ಚಳವಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜಡವಾದ ಕಟ್ಟಳೆಯ ವಿರುದ್ಧವೇ ಹುಟ್ಟಿದ ಚಳವಳಿ ಅದು. ಕಟ್ಟಳೆಯ ಹೊಸದೊಂದು ಬಗೆಯನ್ನು ಹುಟ್ಟಿಸಿದ್ದೂ ಅದೇ. ಬಾಸೆಲ್ ಮಿಷನ್ನಿನ ಮೂಲಕ ಅದು ಮಂಗಳೂರು, ಧಾರವಾಡಗಳವರೆಗೂ ಬಂದಿದೆ.

ಲೂಥರ್ 1517ರಲ್ಲಿ ಪಾಪವಿಮೋಚನೆಯ ಚೀಟಿಗಳ ವಿರುದ್ಧ ನಿಂತಾಗ ಅವರ ತಕರಾರು ಸರಳವಾಗಿತ್ತು: ದೇವರ ನೀತಿ ದಾನವಾಗಿ ಬರುವಂಥದು, ಕೊಂಡು ಪಡೆಯುವಂಥದಲ್ಲ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಬಳಗದವರೇ ಆದ ಯೋಹಾನ್ ಅಗ್ರಿಕೋಲಾ, ವಿಶ್ವಾಸಿಗೆ ಧರ್ಮಶಾಸ್ತ್ರದ ಬೋಧನೆಯೇ ಬೇಡವೆಂದು ವಾದಿಸತೊಡಗಿದರು. ಲೂಥರ್ ಅವರನ್ನು ಕಟುವಾಗಿ ವಿರೋಧಿಸಬೇಕಾಯಿತು. ಲೂಥರ್ ತೀರಿಕೊಂಡ ಮೇಲಿನ ನೂರು ವರ್ಷಗಳಲ್ಲಿ ಅವರ ಅನುಯಾಯಿಗಳು ಕೃಪೆಯ ಬೋಧನೆಯನ್ನು ಸೂತ್ರಗಳಾಗಿ ಹೆಣೆದರು. ಸೂತ್ರ ಸರಿಯಾಗಿ ಒಪ್ಪಿಸಿದವನು, ಭಾನುವಾರ ದೇವಾಲಯಕ್ಕೆ ಬಂದು ಕರ್ತನ ಭೋಜನ ತೆಗೆದುಕೊಂಡವನು ಒಳ್ಳೆಯ ಕ್ರೈಸ್ತ ಎಂದಾಯಿತು. ಕರ್ಮದಿಂದ ನೀತಿ ಬರದು ಎಂಬ ಸಿದ್ಧಾಂತವನ್ನು ತಪ್ಪಿಲ್ಲದೆ ಹೇಳುವುದೇ ಒಂದು ಪುಣ್ಯಕರ್ಮವಾಗಿಬಿಟ್ಟಿತು.

ಇದನ್ನು ಕಂಡು ಫ್ರಾಂಕ್‌ಫರ್ಟಿನ ಸಭಾಪಾಲಕ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ಮನೆಕೂಟಗಳನ್ನು ಆರಂಭಿಸಿದರು. 1675ರಲ್ಲಿ ‘ಪಿಯಾ ದೇಸಿದೇರಿಯಾ’ ಬರೆದರು. ಯೋಹಾನ್ ಆರ್ಂಡ್‌ಟ್ ಅವರ ಪ್ರಸಂಗಗಳಿಗೆ ಮುನ್ನುಡಿಯಾಗಿ ಹೊರಟ ಈ ಬರಹವೇ ಚಳವಳಿಯ ಪ್ರಣಾಳಿಕೆಯಾಯಿತು. ಅದರ ಆರು ಸಲಹೆಗಳಲ್ಲಿ ಮೂರು ಇಂದಿಗೂ ತಾಜಾ ಎನಿಸುತ್ತವೆ: ಸಾಮಾನ್ಯ ವಿಶ್ವಾಸಿಗಳು ಗುಂಪಾಗಿ ಕೂತು ಸತ್ಯವೇದ ಓದಬೇಕು, ಕ್ರೈಸ್ತಧರ್ಮ ತಿಳಿವಳಿಕೆಗಿಂತ ಹೆಚ್ಚಾಗಿ ನಡವಳಿಕೆಯಲ್ಲಿ ಇರಬೇಕು, ಮತಭೇದವಿದ್ದವರೊಡನೆ ಪ್ರೀತಿಯಿಂದ ವಾದಿಸಬೇಕು. ಕೂಟಗಳಲ್ಲಿ ಕುಶಲಕರ್ಮಿಗಳೂ ಹೆಂಗಸರೂ ವಿದ್ವಾಂಸರ ಪಕ್ಕ ಕೂತು ಮಾತಾಡಿದರು. ಮೇಲೆ ಹೇಳಿದ ಮೊದಲ ಪ್ರಶ್ನೆಗೆ ಈ ಘಟ್ಟದ ಪಯಟಿಸಂ ಕೊಟ್ಟ ಉತ್ತರ ಸ್ಪಷ್ಟ: ಅದು ಪಂಕ್ತಿಯನ್ನು ದೊಡ್ಡದು ಮಾಡಿತು.

ತೊಡಕು ಶುರುವಾದದ್ದು ಮುಂದಿನ ತಲೆಮಾರಿನಲ್ಲಿ. ಆಗಸ್ಟ್ ಹೆರ್ಮನ್ ಫ್ರಾಂಕೆ 1687ರಲ್ಲಿ ಲ್ಯೂನೆಬುರ್ಗ್‌ನಲ್ಲಿ ಒಂದು ಪ್ರಸಂಗಕ್ಕೆ ಸಿದ್ಧರಾಗುತ್ತಿದ್ದಾಗ ತಮಗೇ ನಂಬಿಕೆಯಿಲ್ಲವೆಂದು ಹೊಳೆದು ಕುಸಿದರು. ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗ ಸಂಶಯ ಕರಗಿ ನೆಮ್ಮದಿ ಬಂತು. ಅವರ ಮಟ್ಟಿಗೆ ಇದು ನಿಜವಾದ ಅನುಭವ. ಹಾಲೆ ಪಟ್ಟಣದ ಅವರ ಶಿಷ್ಯವರ್ಗ ಮಾತ್ರ ಒಬ್ಬರ ಅನುಭವವನ್ನು ಎಲ್ಲರಿಗೂ ವಿಧಿಯಾಗಿಸಿತು. ಮೊದಲು ಪಾಪದ ಅರಿವು, ಆಮೇಲೆ ಪಶ್ಚಾತ್ತಾಪದ ಘೋರ ಹೋರಾಟ, ಕಡೆಗೆ ಬಿಡುಗಡೆ ಎಂಬ ಕ್ರಮ ಗಟ್ಟಿಯಾಯಿತು. ಈ ಮೆಟ್ಟಿಲುಗಳನ್ನು ಏರಿದ ಕಥೆ ಹೇಳಲಾಗದವನ ನಂಬಿಕೆಯ ಮೇಲೆ ಅನುಮಾನ ಬಿತ್ತು. ಹಾಲೆಯ ಶಾಲೆಯಲ್ಲೇ ಓದಿದ ಕೌಂಟ್ ಜಿನ್ಜೆಂಡಾರ್ಫ್ ಅವರಿಗೆ ಅಂಥ ಹೋರಾಟದ ಅನುಭವವೇ ಆಗಿರಲಿಲ್ಲ. ಎಳವೆಯಿಂದಲೂ ಕ್ರಿಸ್ತನಿಗೆ ಒಲಿದ ವ್ಯಕ್ತಿ ಅವರು. 1722ರಿಂದ ತಮ್ಮ ಜಮೀನಿನಲ್ಲಿ ಮೊರಾವಿಯದ ನಿರಾಶ್ರಿತರಿಗೆ ನೆಲೆ ಕೊಟ್ಟು ಹೆರ್ನ್‌ಹೂಟ್ ಕಟ್ಟಿದ ಅವರನ್ನೂ ಹಾಲೆಯವರು ಅರೆಬರೆ ಪರಿವರ್ತನೆಯವರೆಂದು ಗುಮಾನಿಯಿಂದಲೇ ನೋಡಿದರು.

ಹೊರಗಿನ ಆಚಾರಕ್ಕೆ ಒಂದು ಮಿತಿಯಾದರೂ ಇರುತ್ತದೆ. ಉಪವಾಸ ಮಾಡಿದೆನೋ ಇಲ್ಲವೋ, ದಶಮಾಂಶ ಕೊಟ್ಟೆನೋ ಇಲ್ಲವೋ ಎಂದು ಹೇಳಿ ಮುಗಿಸಬಹುದು. ಸಾಕಷ್ಟು ಅತ್ತೆನೇ, ಪಶ್ಚಾತ್ತಾಪ ಪ್ರಾಮಾಣಿಕವಾಗಿತ್ತೇ, ನೆಮ್ಮದಿ ನಿಜದ್ದೇ ಎಂಬ ಪ್ರಶ್ನೆಗಳಿಗೆ ಕೊನೆಯೆಲ್ಲಿ? ಒಳಗನ್ನೇ ಕಟ್ಟಳೆಗೆ ಒಳಪಡಿಸಿದಾಗ ಮನುಷ್ಯ ತನ್ನ ಮನಸ್ಸಿಗೆ ತಾನೇ ಲೆಕ್ಕ ತನಿಖೆದಾರನಾಗುತ್ತಾನೆ; ಅವನ ತನಿಖೆ ಸಾಲದೆಂದು ಇತರರೂ ಸೇರಿಕೊಳ್ಳುತ್ತಾರೆ. ಫ್ರಾಂಕೆಯವರ ಶಾಲೆಗಳಲ್ಲಿ ಮಕ್ಕಳ ಮೇಲೆ ಸದಾ ಒಬ್ಬರ ಕಣ್ಣಿರಬೇಕಿತ್ತು, ಆಟಕ್ಕೆ ಜಾಗವಿರಲಿಲ್ಲ; ಮಗುವಿನ ಸ್ವೇಚ್ಛೆ ಮುರಿದ ಮೇಲೇ ದೇವಭಕ್ತಿ ನೆಲೆಸೀತು ಎಂಬುದು ಅಲ್ಲಿನ ಶಿಕ್ಷಣದ ತತ್ವ. ತತ್ವಜ್ಞಾನಿ ಕಾಂಟ್ 1732ರಿಂದ 1740ರವರೆಗೆ ಕ್ಯೋನಿಗ್ಸ್‌ಬರ್ಗ್‌ನ ಇಂಥದೇ ಒಂದು ಪಯಟಿಸ್ಟ್ ಶಾಲೆಯಲ್ಲಿ ಓದಿದರು. ಆ ಶಾಲೆಯ ನೆನಪು ಅವರಿಗೆ ಕೊನೆಯವರೆಗೂ ಕಹಿಯಾಗಿಯೇ ಉಳಿಯಿತು. ಅದೇ ಪಂಥದ ತಮ್ಮ ತಾಯಿಯ ಭಕ್ತಿಯ ಬಗ್ಗೆ ಮಾತ್ರ ಗೌರವದಿಂದಲೇ ಮಾತಾಡುತ್ತಿದ್ದರು. ಒಬ್ಬನೇ ಸಾಕ್ಷಿಯ ಈ ಎರಡು ತೀರ್ಪುಗಳಲ್ಲಿ ಇಡೀ ಪರಂಪರೆಯ ಇಬ್ಬಂದಿತನ ಇದೆ.

ಆ ಇಬ್ಬಂದಿತನ ಬಯಲಾದದ್ದು ಕ್ರಿಸ್ಟಿಯಾನ್ ವುಲ್ಫ್ ಪ್ರಕರಣದಲ್ಲಿ. ಹಾಲೆ ವಿಶ್ವವಿದ್ಯಾಲಯದ ಈ ತತ್ವಶಾಸ್ತ್ರಜ್ಞ 1721ರಲ್ಲಿ ಚೀನೀಯರ ನೀತಿಚಿಂತನೆ ಕುರಿತು ಉಪನ್ಯಾಸ ಕೊಟ್ಟರು; ಕ್ರೈಸ್ತ ಪ್ರಕಟಣೆಯ ನೆರವಿಲ್ಲದೆಯೂ ಕನ್‌ಫ್ಯೂಷಿಯಸ್ ಸದಾಚಾರದ ದಾರಿ ಕಂಡಿದ್ದನೆಂಬುದು ಅದರ ಸಾರ. ಹಾಲೆಯ ಪಯಟಿಸ್ಟ್ ಪಂಡಿತರು ಅರಸನವರೆಗೂ ದೂರು ಒಯ್ದರು. 48 ಗಂಟೆಯೊಳಗೆ ರಾಜ್ಯ ಬಿಡದಿದ್ದರೆ ನೇಣು ಎಂದು ಪ್ರಷ್ಯಾದ ದೊರೆ ಒಂದನೆಯ ಫ್ರೆಡರಿಕ್ ವಿಲಿಯಂ 1723ರಲ್ಲಿ ಆಜ್ಞೆ ಹೊರಡಿಸಿದ. ವಿರೋಧಿಯೊಡನೆ ಪ್ರೀತಿಯಿಂದ ವಾದಿಸಿರೆಂದ ಸ್ಪೇನರ್ ಅವರ ಸಲಹೆಗೆ ಆಗಿನ್ನೂ ಐವತ್ತು ವರ್ಷ ತುಂಬಿರಲಿಲ್ಲ.

ಇಷ್ಟನ್ನೇ ಹಿಡಿದು ಪರಂಪರೆಯನ್ನು ತಳ್ಳಿಹಾಕಿದವರಿದ್ದಾರೆ. ಆಲ್ಬ್ರೆಕ್ಟ್ ರಿಟ್ಶಲ್ 1880ರಿಂದ 1886ರವರೆಗೆ ಮೂರು ಸಂಪುಟಗಳಲ್ಲಿ ಪಯಟಿಸಂನ ಚರಿತ್ರೆ ಬರೆದು, ಇದು ಸುಧಾರಣೆಯ ಮನೆಗೆ ಹಿತ್ತಿಲ ಬಾಗಿಲಿನಿಂದ ಮರಳಿ ಬಂದ ಮಠದ ವೈರಾಗ್ಯವೆಂಬ ಧಾಟಿಯಲ್ಲಿ ವಾದಿಸಿದರು. ಆತ್ಮಶೋಧನೆಯ ಗೀಳಿನ ಮಟ್ಟಿಗೆ ಈ ಟೀಕೆ ಒಪ್ಪುವಂಥದೇ. ಆದರೆ ಮಠದ ಗೋಡೆಯೊಳಗಿನ ವೈರಾಗ್ಯ ಹಾಲೆಯಲ್ಲಿ ಆದ ಕೆಲಸವನ್ನು ವಿವರಿಸಲಾರದು. ಕಾಣಿಕೆ ಡಬ್ಬಿಯಲ್ಲಿ ಸಿಕ್ಕ ಚಿಕ್ಕ ಮೊತ್ತದಿಂದ 1695ರಲ್ಲಿ ಬಡಮಕ್ಕಳ ಪಾಠ ಆರಂಭಿಸಿದ ಫ್ರಾಂಕೆ 1727ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಶಾಲೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಅನಾಥಾಲಯ, ಔಷಧಾಲಯ, ಮುದ್ರಣಾಲಯಗಳೂ ಎದ್ದುನಿಂತಿದ್ದವು. ತನ್ನ ಆತ್ಮ ಉಳಿಯಿತೇ ಎಂದು ನೋಡಿಕೊಳ್ಳುವಾಗ ಬಿಗಿದುಕೊಳ್ಳುತ್ತಿದ್ದ ಈ ಭಕ್ತಿ, ಪಕ್ಕದವನ ಹೊಟ್ಟೆ, ಅಕ್ಷರ, ಕಾಯಿಲೆಗಳ ಕಡೆ ತಿರುಗಿದಾಗ ಉದಾರವಾಗುತ್ತಿತ್ತು.

ಈ ಎರಡೂ ಮುಖಗಳು ನಮ್ಮ ಕರಾವಳಿಗೆ ಬಂದವು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಷನ್ನಿಗೆ ಹೆಚ್ಚಿನ ಆಳುಗಳು ಬಂದದ್ದು ಪಯಟಿಸಂನ ತವರಾದ ವುರ್ಟೆಂಬರ್ಗ್‌ನ ಹಳ್ಳಿಗಳಿಂದ. ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ಮಿಷನರಿಗಳೇ ಕಟ್ಟಳೆಗಳ ಮೊದಲ ಬಂದಿಗಳಾಗಿದ್ದರು. ಮದುವೆಗೆ ಬಾಸೆಲ್‌ನ ಸಮಿತಿಯ ಅಪ್ಪಣೆ ಬೇಕಿತ್ತು. ಮುಖವನ್ನೇ ಕಾಣದ ವಧುವಿಗಾಗಿ ಹಡಗುಕಟ್ಟೆಯಲ್ಲಿ ಕಾದವರಿದ್ದರು. ಸಹೋದರರು ಪರಸ್ಪರರ ನಡತೆಯ ಮೇಲೆ ಕಣ್ಣಿಟ್ಟು ವರದಿ ಮಾಡುವುದು ಪ್ರೀತಿಯ ಕರ್ತವ್ಯವೆನಿಸಿತ್ತು. 1850ರಿಂದ 1879ರವರೆಗೆ ಮಿಷನ್ನಿನ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಕಾಲದಲ್ಲಿ ಈ ಬಿಗಿ ಇನ್ನೂ ಹೆಚ್ಚಿತು.

ಜಾತಿಯ ವಿಷಯದಲ್ಲಿ ಬಾಸೆಲ್‌ನವರ ಬಿಗಿ ಒಳಿತನ್ನೇ ಮಾಡಿತೆನ್ನಬೇಕು. ಹಾಲೆಯ ನಂಟಿನಿಂದ 1706ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಿಷನ್ನಿನ ತಮಿಳು ಸಭೆಗಳಲ್ಲಿ ಜಾತಿಗೆ ತಕ್ಕಂತೆ ಬೇರೆ ಬೇರೆ ಕೂರುವ ಪದ್ಧತಿ ಬಹುಕಾಲ ನಡೆಯಿತು. ಬಾಸೆಲ್‌ನವರು ಅದಕ್ಕೆ ಒಪ್ಪಲಿಲ್ಲ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ತಲ್ಲಣಿಸಿತು. ಜಾತಿ ಬಿಡಬೇಕೆಂಬ ನಿಯಮ ಬಿಲ್ಲವರಿಗೆ ಎಷ್ಟೋ ಅವರಿಗೂ ಅಷ್ಟೇ ಇತ್ತು. ಪಂಕ್ತಿ ಒಡೆಯದಂತೆ ಕಾಯುವ ನಿಯಮವನ್ನು ಕಟ್ಟಳೆಪಾಲನೆಯೆಂದು ಹಳಿಯಲಾಗದು. ಅಂತಿಯೋಕ್ಯದಲ್ಲಿ ಪೌಲ ಹಟ ಹಿಡಿದದ್ದೂ ಇದಕ್ಕೇ.

ಶೇಂದಿಯ ವಿಷಯ ಇಷ್ಟು ಸರಳವಲ್ಲ. ದಕ್ಷಿಣ ಕನ್ನಡದಲ್ಲಿ ಮತಾಂತರವಾದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಲ್ಲಿ ಅನೇಕರ ಜೀವನೋಪಾಯ ಮರ ಹತ್ತಿ ಶೇಂದಿ ಇಳಿಸುವುದು. ಆ ಕಸುಬನ್ನು ಬಿಡಬೇಕೆಂದು ಮಿಷನ್ ಪಟ್ಟುಹಿಡಿಯಿತು. ಕಟ್ಟಳೆ ಮಾಡಿದವರು ವುರ್ಟೆಂಬರ್ಗ್‌ನವರು, ಒಲೆ ಆರಿದ್ದು ಕರಾವಳಿಯ ಬಡವರ ಮನೆಯಲ್ಲಿ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕುಲಕಸುಬನ್ನೂ ಬಂಧುಬಳಗವನ್ನೂ ಕಳೆದುಕೊಂಡವರಿಗೆ ದುಡಿಮೆ ಕೊಡುವ ಹೊಣೆ ತಮ್ಮದೆಂದು ಮಿಷನರಿಗಳು ಮನಗಂಡರು. ಮಗ್ಗಗಳು ಬಂದವು, ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚಿನ ಹಿಂದೆ ಹೀಗೆ ದೇವಶಾಸ್ತ್ರದ ಸಂಗತಿಯೊಂದಿದೆ. ಹೊರೆ ಹೊರಿಸಿದವರು ಈ ಸಲ ಬೆರಳು ಮಾತ್ರವಲ್ಲ, ಹೆಗಲನ್ನೂ ಕೊಟ್ಟರು.

ಆ ಹೆಗಲಿಗೂ ಒಂದು ಬೆಲೆಯಿತ್ತು. ಮನೆ, ನೆಲ, ಕೂಲಿ, ಸಭೆ ನಾಲ್ಕೂ ಒಂದೇ ಸಂಸ್ಥೆಯ ಕೈಯಲ್ಲಿದ್ದಾಗ ಸಭಾಶಿಸ್ತು ಆತ್ಮದ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಕರ್ತನ ಭೋಜನದಿಂದ ಹೊರಗಿಟ್ಟವನಿಗೆ ಆ ವಾರದ ದುಡಿಮೆಯ ಚಿಂತೆಯೂ ಹತ್ತುತ್ತದೆ. ಅಂಥ ಕಡೆ ಪಶ್ಚಾತ್ತಾಪ ನಿಜವೋ, ಹೊಟ್ಟೆಪಾಡೋ ಎಂದು ಪಾದ್ರಿಯೂ ಹೇಳಲಾರ, ಪಶ್ಚಾತ್ತಾಪಪಟ್ಟವನೂ ಹೇಳಲಾರ.

ಕನ್ನಡಿಗರು ಈ ಪರಂಪರೆಗೆ ಕೃತಜ್ಞರಾಗಿರುವುದು ಅದರ ನಿಯಮಪುಸ್ತಕದ ಅಂಚಿನಲ್ಲಿ ಆದ ಕೆಲಸಗಳಿಗಾಗಿ. ಬಾಸೆಲ್ ಮಿಷನರಿ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದರು. 1853ರಲ್ಲಿ ಬಂದ ಕಿಟೆಲ್ ‘ಶಬ್ದಮಣಿದರ್ಪಣ’ವನ್ನೂ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಅವರ ಭಾಷಾಕೆಲಸ ಮಿಷನ್ನಿನ ಹಿರಿಯರ ಕಣ್ಣಿಗೆ ಸುವಾರ್ತಾಸೇವೆಯಿಂದ ಅಡ್ಡದಾರಿ ಹಿಡಿದಂತೆ ಕಂಡದ್ದುಂಟು. ಜೈನ ವೈಯಾಕರಣ ಕೇಶಿರಾಜನ ಸೂತ್ರಗಳನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಓದುವುದು ಆತ್ಮಗಳ ಲೆಕ್ಕಕ್ಕೆ ಸೇರುವ ಕೆಲಸವಲ್ಲವಲ್ಲ. ಕನ್‌ಫ್ಯೂಷಿಯಸ್‌ನ ಹೆಸರೆತ್ತಿದ್ದಕ್ಕೆ ವುಲ್ಫ್ ಅವರನ್ನು ಗಡಿಪಾರು ಮಾಡಿಸಿದ ಪರಂಪರೆಯ ಪಾದ್ರಿಯೊಬ್ಬರು ಪರಮತೀಯರ ವಿದ್ಯೆಗೆ ಬಾಳನ್ನೇ ಮುಡಿಪಿಟ್ಟದ್ದು ಆ ಪರಂಪರೆ ತನ್ನನ್ನು ತಾನು ಮೀರಿದ ಗಳಿಗೆ.

ಪಯಟಿಸಂ ಹಾಕಿಕೊಟ್ಟ ರೂಢಿ ಇಂದಿಗೂ ಬೇರೆ ಬೇರೆ ಹೆಸರಿನ ಸಭೆಗಳಲ್ಲಿ ಜೀವಂತವಾಗಿದೆ. ರಕ್ಷಣೆ ಹೊಂದಿದ ದಿನಾಂಕ ಹೇಳಬೇಕು, ಸಾಕ್ಷಿಗೆ ಒಂದು ಸಿದ್ಧ ಧಾಟಿ ಇರಬೇಕು, ಕೆಲವೆಡೆ ಮೈಮೇಲಿನ ಒಡವೆಯನ್ನೂ ತೆಗೆದಿರಬೇಕು. ಒಡವೆ ಬಿಟ್ಟು ಸರಳವಾಗಿ ಬಾಳುವುದು ಒಳ್ಳೆಯದೇ. ಬಿಡದವಳನ್ನು ಅರೆವಿಶ್ವಾಸಿಯೆಂದು ಅಳೆಯುವ ಗಳಿಗೆಯಲ್ಲಿ ಅದೇ ಸರಳತೆ, ಯೇಸು ಹೇಳಿದ ಸಾಮತಿಯಲ್ಲಿ ದೇವಾಲಯದಲ್ಲಿ ನಿಂತು ಸುಂಕದವನನ್ನು ಓರೆಗಣ್ಣಿನಿಂದ ನೋಡಿದ ಫರಿಸಾಯನ ಪ್ರಾರ್ಥನೆಯಾಗುತ್ತದೆ. ಆ ಸಾಮತಿಯನ್ನು ಕೇಳಿ ‘ನಾನು ಆ ಫರಿಸಾಯನಂತಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವವನೂ ಅದೇ ಬಲೆಯಲ್ಲಿ ಬಿದ್ದಿರುತ್ತಾನೆ. ಕಟ್ಟಳೆಯ ವಿರುದ್ಧ ಬರೆಯುವ ವಿಮರ್ಶಕನಿಗೂ ಇದರಿಂದ ವಿನಾಯಿತಿಯಿಲ್ಲ.

ಒಟ್ಟು ತೀರ್ಪು ಹೇಳಬೇಕೆಂದರೆ, ಪಯಟಿಸಂ ನೀತಿಯನ್ನು ಸಿದ್ಧಾಂತದ ಪುಸ್ತಕದಿಂದ ಬದುಕಿಗೆ ಇಳಿಸಿದ್ದು ಸರಿ, ಅದಕ್ಕೆ ಮನಸ್ಸಿನೊಳಗೆ ಪುರಾವೆ ಹುಡುಕಿದ್ದು ತಪ್ಪು. ಕೃಪೆಯಿಂದ ಬಂದದ್ದಕ್ಕೆ ಪುರಾವೆ ಒದಗಿಸಬೇಕೆಂದಾದ ಕ್ಷಣವೇ ಅದು ಮತ್ತೆ ಗಳಿಕೆಯಾಗುತ್ತದೆ. ಗಳಿಸಿದವನು ಗಳಿಸದವನನ್ನು ಹೊರಗಿಡತೊಡಗುತ್ತಾನೆ. ಇದರ ವಾರಸುದಾರ ಸಭೆಗಳು ನಿಯಮಗಳನ್ನೆಲ್ಲ ಕೈಬಿಡಬೇಕಾಗಿಲ್ಲ. ಹೊಸ ನಿಯಮವೊಂದನ್ನು ಮಾಡುವ ಮೊದಲು, ಅದನ್ನು ಪಾಲಿಸುವುದರಿಂದ ಬಡವನಾಗುವವನು ಯಾರು, ಆ ನಷ್ಟದಲ್ಲಿ ನಾವೆಷ್ಟು ಪಾಲು ಹೊರುತ್ತೇವೆ ಎಂದು ಸಭೆಯ ಹಿರಿಯರು ಕೂತು ಲೆಕ್ಕ ಹಾಕಲಿ. ಪಾಲು ಹೊರಲು ಮನಸ್ಸಿಲ್ಲದಿದ್ದರೆ ಆ ನಿಯಮ ಮಾಡುವ ಅಧಿಕಾರವೂ ಅವರಿಗಿಲ್ಲ.