ಸಾರಥಿಗೂ ತಾಲೀಮು ಬೇಕು

ದೊಡ್ಡಾಟ ಕಲಿಯಲು ಬಂದವರಲ್ಲಿ ಹಾಡು ಬಾರದವನಿಗೆ, ಕುಣಿತ ಹತ್ತದವನಿಗೆ ಸಾರಥಿ ಪಾತ್ರ ಕೊಟ್ಟುಬಿಡುವ ರೂಢಿ ಬಳ್ಳಾರಿ ಸೀಮೆಯಲ್ಲಿದೆ. ಇಡೀ ಆಟ ಸೋಲುವುದು ಅಲ್ಲಿಂದಲೇ.

ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಆಟ ಕಟ್ಟುವವರು ವೃತ್ತಿ ಕಲಾವಿದರಲ್ಲ, ಹಗಲೆಲ್ಲ ಭತ್ತ, ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ದುಡಿಯುವವರು. ರಾತ್ರಿ ಮಾಸ್ತರರ ಮುಂದೆ ತಾಲೀಮು. ಸುಗ್ಗಿ ಮುಗಿದು ಜಾತ್ರೆ ಬಂತೆಂದರೆ ಅಟ್ಟ ಏಳುತ್ತದೆ. ಗಣಪತಿ ಪೂಜೆಯಿಂದ ಹಿಡಿದು ಬೆಳಕು ಹರಿಯುವತನಕ ಮದ್ದಳೆ, ಹಾರ್ಮೋನಿಯಂ, ತಾಳಕ್ಕೆ ಬಿಡುವಿಲ್ಲ. ಕಿರೀಟ, ಭುಜಕೀರ್ತಿ ತೊಟ್ಟ ರಾಜ ಕುಣಿಯುತ್ತ ಬಂದು ನಿಂತಾಗ ಸಾರಥಿ ಎದುರಾಗುತ್ತಾನೆ: ತಾವು ಯಾರು, ಯಾವ ಊರು, ಬಂದ ಕಾರಣವೇನು? ಕಥೆ ಹೊರಳುವುದೇ ಈ ಪ್ರಶ್ನೆಗಳ ಮೇಲೆ.

ರಾಜನದು ಗ್ರಂಥದ ಕನ್ನಡ, ಸಾರಥಿಯದು ಊರ ಮಾತು. ನಗೆ ಹುಟ್ಟಬೇಕಾದದ್ದು ಈ ಎರಡರ ತಿಕ್ಕಾಟದಲ್ಲಿ. ತನ್ನ ರಾಜ್ಯದಲ್ಲಿ ಕಾಲಕಾಲಕ್ಕೆ ಮಳೆ ಬೆಳೆ ಎಂದು ದೊರೆ ಕೊಚ್ಚಿಕೊಂಡರೆ, ‘ಹಂಗಾರ ಕಾಲುವಿಗೆ ನೀರು ಯಾವಾಗ ಬಿಡ್ತೀರಿ?’ ಎಂದು ಕೇಳುವ ಎದೆಗಾರಿಕೆ ಸಾರಥಿಗಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ಕಂಡ ಸೀಮೆಯಿದು. ಇಂಥ ಮಾತಿಗೆ ಇಲ್ಲಿ ವಿವರಣೆ ಬೇಕಿಲ್ಲ. ಆಳುವವನನ್ನು ಅವನೆದುರೇ ಕೆಣಕುವ ಪರವಾನಗಿ ಇಡೀ ಆಟದಲ್ಲಿ ಇವನೊಬ್ಬನಿಗೇ.

ಈ ಪರವಾನಗಿ ಈಗ ಪೋಲಾಗುತ್ತಿದೆ. ಸಿನಿಮಾ ಹಾಡಿನ ತುಣುಕು, ತೊದಲುವವರ ಅಣಕ, ದ್ವಂದ್ವಾರ್ಥದ ಮಾತು. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಗಾಯನದ ದೃಷ್ಟಿಯಿಂದ ಅದು ದೊಡ್ಡ ಲಾಭ, ಅನುಮಾನವೇ ಇಲ್ಲ. ಆದರೆ ತಂಡದೊಡನೆ ತಾಲೀಮು ಮಾಡಿರದ ಆ ಕಲಾವಿದೆಯ ಮೇಲೇ ಸಾರಥಿ ಕೀಳು ಹಾಸ್ಯ ಹರಿಬಿಟ್ಟರೆ ಜನ ನಗಬಹುದು, ಪಾತ್ರ ಮಾತ್ರ ಸತ್ತುಹೋಗುತ್ತದೆ. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ವಾದಿಸಿದ ರಂಗನಟ ಬಳ್ಳಾರಿ ರಾಘವರ (1880–1946) ಸೀಮೆಗೆ ಇದು ಶೋಭೆಯಲ್ಲ.

ರಾಘವರೂ ಹವ್ಯಾಸಿಯೇ, ವೃತ್ತಿಯಿಂದ ವಕೀಲರು. ಅವರಿಗಿಂತ ಮೊದಲು ಇನ್ನಿಬ್ಬರು ವಕೀಲರು ಬಳ್ಳಾರಿಯಲ್ಲಿ ಹವ್ಯಾಸಿ ಸಭೆಗಳನ್ನು ಕಟ್ಟಿ ತೆಲುಗು ನಾಟಕ ಆಡಿಸಿದ್ದರು: ಧರ್ಮವರಂ ರಾಮಕೃಷ್ಣಮಾಚಾರ್ಯರದು ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರದು ಸುಮನೋರಮಾ ಸಭಾ. ನಗರದ ಆ ನಾಟಕಗಳು ಅಚ್ಚಾದವು, ಚರಿತ್ರೆ ಸೇರಿದವು. ಸಾರಥಿಯ ಮಾತು ಎಲ್ಲಿ ಅಚ್ಚಾಗಬೇಕು? ಮಾಸ್ತರರ ಪುಸ್ತಕದಲ್ಲಿ ಅವನ ಪ್ರಶ್ನೆ ಸಿಕ್ಕೀತು, ಚಟಾಕಿ ಸಿಗದು. ಅದು ಆಯಾ ರಾತ್ರಿ, ಆಯಾ ಊರಲ್ಲೇ ಹುಟ್ಟಬೇಕು.

ಉತ್ಸವಗಳ ವೇದಿಕೆಯದು ಬೇರೆಯೇ ಕಾಟ. ರಾತ್ರಿಯಿಡೀ ಆಡುವುದನ್ನು ಎರಡು ಗಂಟೆಗೆ ಇಳಿಸಿ ಎಂದಾಗ ಮೊದಲು ಕತ್ತರಿ ಬೀಳುವುದು ಸಾರಥಿಯ ಮಾತಿಗೆ. ಯುದ್ಧ, ಕುಣಿತ, ವೇಷಗಳ ಮೆರವಣಿಗೆ ಉಳಿದರೂ ಅದು ಪ್ರದರ್ಶನವಾದೀತು, ಆಟವಾಗದು.

ಆಟದ ಮಾಸ್ತರರಲ್ಲಿ ಒಂದು ವಿನಂತಿ. ಈ ಸಲ ಊರಿನಲ್ಲಿ ನಾಲಗೆ ಚುರುಕಿರುವವನನ್ನು ಹುಡುಕಿ ಸಾರಥಿ ಮಾಡಿ. ರಾಜನಿಗೆ ಎಷ್ಟು ರಾತ್ರಿ ತಾಲೀಮೋ ಅವನಿಗೂ ಅಷ್ಟೇ ಕೊಡಿ.