ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆಯವರ ಹಿಮೋಗ್ಲೋಬಿನ್ ಇಳಿದರೆ ಮೊದಲು ಬರೆಯುವುದು ಐರನ್ ಡ್ರಿಪ್. ತಪ್ಪೇನಲ್ಲ. ಹುಣ್ಣಾದ ಕರುಳು ರಕ್ತ ಸೋರುತ್ತದೆ, ಉರಿಯೂತವಿದ್ದಾಗ ತಿಂದ ಕಬ್ಬಿಣವೂ ಮೈಗೆ ಹತ್ತುವುದಿಲ್ಲ. ಬಹುಪಾಲು ರೋಗಿಗಳಲ್ಲಿ ಕಾರಣ ಇದೇ. ನನ್ನ ತಕರಾರು ಅದರ ಮುಂದಿನದು. ಮಲದಲ್ಲಿ ರಕ್ತವಿಲ್ಲ, ಹೊಟ್ಟೆ ಶಾಂತವಾಗಿದೆ, ಏರಿಸಿದ ರಕ್ತವೂ ಕೆಲವೇ ವಾರಗಳಲ್ಲಿ ಕರಗಿದೆ. ಆಗಲೂ ಇನ್ನೊಂದು ಡ್ರಿಪ್ ಬರೆಯುವ ರೂಢಿಯನ್ನು ಒಪ್ಪುವುದು ಕಷ್ಟ.

ಇಂಥಲ್ಲಿ ಅನುಮಾನಿಸಬೇಕಾದವುಗಳಲ್ಲಿ ಪಾರ್ವೊವೈರಸ್ ಬಿ19 ಒಂದು. 1975ರಲ್ಲಿ ಲಂಡನ್ನಿನ ಇವೋನ್ ಕೊಸಾರ್ಟ್ ಮತ್ತು ಸಂಗಡಿಗರಿಗೆ ಇದು ಕಂಡದ್ದು ಹೆಪಟೈಟಿಸ್ ಬಿ ಹುಡುಕುವಾಗ, ಆಕಸ್ಮಿಕವಾಗಿ. ಮಕ್ಕಳಿಗೆ ಬಂದರೆ ಕೆನ್ನೆ ಕೆಂಪಾಗಿಸಿ ಹೋಗುತ್ತದೆ. ಆದರೆ ಅದು ಹೊಕ್ಕು ಕೊಲ್ಲುವುದು ಅಸ್ಥಿಮಜ್ಜೆಯಲ್ಲಿ ಇನ್ನೂ ಬಲಿಯುತ್ತಿರುವ ಕೆಂಪು ಕಣಗಳನ್ನು. ಕೆಂಪು ಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ, ವಾರವೊಪ್ಪತ್ತು ತಯಾರಿ ನಿಂತರೂ ಆರೋಗ್ಯವಂತರಿಗೆ ಗೊತ್ತಾಗುವುದಿಲ್ಲ. ಕರುಳಿನ ಉರಿಯೂತಕ್ಕೆ ಕೊಡುವ ಅಜಾಥಯೋಪ್ರಿನ್‌ನಂಥ ಔಷಧಿಯಿಂದ ರೋಗನಿರೋಧಕ ಶಕ್ತಿ ತಗ್ಗಿದವರಲ್ಲಾದರೋ ವೈರಸ್ ಮಜ್ಜೆ ಬಿಟ್ಟು ಕದಲದೆ ಉಳಿಯಬಹುದು.

ಸುಳಿವು ಸಿಗುವುದು ರೆಟಿಕ್ಯುಲೊಸೈಟ್ ಕೌಂಟ್ ಎಂಬ ಅಗ್ಗದ ಪರೀಕ್ಷೆಯಲ್ಲಿ. ಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆಯ ಕಣಗಳ ಲೆಕ್ಕ ಅದು. ರಕ್ತ ಸೋರುವಾಗ ಮಜ್ಜೆ ಅವಸರಪಡುತ್ತದೆ, ಲೆಕ್ಕ ಏರಬೇಕು. ಕಬ್ಬಿಣ ಸಾಲದಿದ್ದರೆ ಅಷ್ಟಾಗಿ ಏರದು, ನಿಜ. ಆದರೆ ಶೇ. 0.1 ಎಂದು ಬಂದು, ಬಿಳಿ ಕಣ, ಪ್ಲೇಟ್‌ಲೆಟ್‌ಗಳು ಹೆಚ್ಚುಕಮ್ಮಿ ಸರಿಯಾಗಿದ್ದರೆ, ಕೆಂಪು ಕಣಗಳ ತಯಾರಿಯೇ ನಿಂತಿದೆ ಎಂದರ್ಥ. ಇಷ್ಟು ಹೇಳುವ ಪರೀಕ್ಷೆ ಮೊದಲ ದಿನದ ಚೀಟಿಯಲ್ಲೇ ಇರಬೇಕಿತ್ತು.

ವೈರಸ್ಸಿನ ಅನುಮಾನ ಬಂದಮೇಲೂ ಎಡವುವುದುಂಟು. ಪ್ರತಿಕಾಯ ಪರೀಕ್ಷೆ ನೆಗೆಟಿವ್ ಎಂದು ಫೈಲು ಮುಚ್ಚುತ್ತಾರೆ. ಪ್ರತಿಕಾಯ ತಯಾರಿಸುವ ಶಕ್ತಿಯನ್ನೇ ಔಷಧಿ ಕುಗ್ಗಿಸಿರುವಾಗ ಆ ನೆಗೆಟಿವ್‌ಗೆ ಏನು ಬೆಲೆ? ವೈರಸ್ಸಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಬೇಕು. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸೋಂಕು ವಾಸಿಯಾದ ತಿಂಗಳುಗಳ ಮೇಲೂ ಅಲ್ಪಸ್ವಲ್ಪ ಡಿಎನ್‌ಎ ಉಳಿದಿರುತ್ತದೆ. ಗೊಂದಲವಿದ್ದರೆ ಮಜ್ಜೆಯನ್ನೇ ನೋಡಬೇಕು.

ಚಿಕಿತ್ಸೆಯಲ್ಲಿ ದಾನಿಗಳ ಪ್ರತಿಕಾಯವಿರುವ ಇಮ್ಯುನೊಗ್ಲೋಬ್ಯುಲಿನ್‌ಗೆ ಮಹತ್ವವಿದೆ, ಬೆಲೆಯೂ ದುಬಾರಿ. ಕೆಲವರಿಗೆ ಅಜಾಥಯೋಪ್ರಿನ್ ತಗ್ಗಿಸಿದರೆ ಅಥವಾ ನಿಲ್ಲಿಸಿದರೆ ಸಾಕಾದೀತು. ಹಾಗೆಂದು ಎಲ್ಲ ಔಷಧಿಯನ್ನೂ ಒಮ್ಮೆಗೇ ನಿಲ್ಲಿಸಿದರೆ ಕರುಳು ಮತ್ತೆ ಕೆರಳಿ ನಿಜವಾಗಿಯೇ ರಕ್ತ ಸೋರತೊಡಗಬಹುದು. ಯಾವುದನ್ನು, ಎಷ್ಟು ದಿನ ನಿಲ್ಲಿಸಬೇಕೆಂಬುದನ್ನು ಕರುಳಿನ ತಜ್ಞರೂ ರಕ್ತದ ತಜ್ಞರೂ ಒಟ್ಟಿಗೆ ಕೂತು ತೀರ್ಮಾನಿಸಬೇಕು.