ಮೈಬಿಸಿಯ ಡೈ
ಹೃದಯದ ಸಿಟಿ ಸ್ಕ್ಯಾನ್‌ಗೆ ರಕ್ತನಾಳದ ಮೂಲಕ ಕೊಡುವ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್‌ಗೆ ಆಡುಮಾತಿನಲ್ಲಿ ಡೈ ಎಂದು ಹೆಸರು. ಅದಕ್ಕೆ ಬಣ್ಣವೇನೂ ಇಲ್ಲ; ನೋಡಲು ನೀರಿನಷ್ಟೇ ತಿಳಿ. ಹರಿಯುವುದರಲ್ಲಿ ಮಾತ್ರ ನೀರಲ್ಲ. ಮಿಲಿಲೀಟರಿಗೆ 350 ಮಿಲಿಗ್ರಾಂ ಅಯೋಡಿನ್ ಹೊತ್ತ ಅಯೋಹೆಕ್ಸಾಲ್ ಎಂಬ ಡೈ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗಿಂತ ಸುಮಾರು 20 ಪಟ್ಟು ಮಂದ. ಅದನ್ನೇ ಮೈಬಿಸಿಗೆ, ಅಂದರೆ 37 ಡಿಗ್ರಿಗೆ ತಂದರೆ ಆ ಮಂದತನ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಚಳಿಗೆ ಗಟ್ಟಿಯಾದ ಜೇನು ಬಿಸಿಲಿಗೆ ಸಡಿಲಾದಂತೆ. ಹೃದಯದ ಕರೊನರಿ ನಾಳಗಳು ಸ್ಪಷ್ಟವಾಗಿ ಕಾಣಲು ಸೆಕೆಂಡಿಗೆ ಸುಮಾರು 5 ಮಿಲಿಲೀಟರಿನ ರಭಸ ಬೇಕು. ದ್ರವ ತೆಳುವಾದಷ್ಟೂ ಅದನ್ನು ತಳ್ಳುವ ಇಂಜೆಕ್ಟರ್‌ನ ಒತ್ತಡ ತಗ್ಗುತ್ತದೆ. ಅದಕ್ಕೆಂದೇ ಡೈ ಬಾಟಲಿಗಳನ್ನು ಬೆಚ್ಚಗಾಗಿಸುವುದು; ಅದು ತಾಪ ನಿಯಂತ್ರಿಸುವ ಪೆಟ್ಟಿಗೆಯಲ್ಲಿ. ಡೈ ಹೋದಾಗ ಮೈಯೆಲ್ಲ ಹಬ್ಬುವ ಬಿಸಿ ಆ ಪೆಟ್ಟಿಗೆಯದಲ್ಲ. ಔಷಧದ ಸಾಂದ್ರತೆಗೆ ರಕ್ತನಾಳಗಳು ಹಿಗ್ಗುವುದೇ ಅದಕ್ಕೆ ಕಾರಣ.